ದೆವ್ವ, ನಾಗಿಣಿ, ಆತ್ಮ: ಈ ಧಾರಾವಾಹಿಗಳನ್ನು ನಾವು ಯಾಕೆ ಇಷ್ಟು ಮನಸ್ಸಿಟ್ಟು ನೋಡುತ್ತೇವೆ?

ಪಿನಾಕಿನಿ ತೀರ, ಗೌರಿಬಿದನೂರು

ನಾಗಿಣಿ, ಆತ್ಮ, ಪುನರ್ಜನ್ಮ, ಮಾಟ ಅಂತ ಬರುವ ಧಾರಾವಾಹಿಗಳ ಬಗ್ಗೆ ನೇರವಾಗಿ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಇವುಗಳ ಹೆಸರು ಕೇಳಿದರೆ ಸಾಕು, ಓದಿದವರು ಮೂಗು ಮುರಿಯುತ್ತಾರೆ. ಕೆಲಸವಿಲ್ಲದವರು ನೋಡುವ ಕಥೆ ಅನ್ನುತ್ತಾರೆ. ನಮ್ಮ ಕಡೆ ಇವನ್ನು ನೋಡುವವರು ಯಾರು? ಬೆಳಕು ಹರಿಯುವ ಮುಂಚೆ ಎದ್ದು ಹಾಲು ಕರೆದು ಡೇರಿಗೆ ಹಾಕಿ, ರೇಷ್ಮೆ ಹುಳುವಿಗೆ ಸೊಪ್ಪು ಕೊಟ್ಟು, ಹೊಲಕ್ಕೂ ಹೋಗಿ ಬಂದು, ರಾತ್ರಿ ಮುದ್ದೆ ತಿರುವಿಟ್ಟು ಕೂರುವ ಹೆಂಗಸರು. ಇಡೀ ದಿನದಲ್ಲಿ ತಮಗೆ ಅಂತ ಅವರು ಇಟ್ಟುಕೊಂಡಿರುವುದು ಆ ಅರ್ಧ ಗಂಟೆ. ಅದರಲ್ಲಿ ಅವರು ಹಾವನ್ನೋ ದೆವ್ವವನ್ನೋ ಯಾಕೆ ಆರಿಸಿಕೊಳ್ಳುತ್ತಾರೆ?

ಹಿಂದಿಯಲ್ಲಿ 'ನಾಗಿನ್' ಶುರುವಾಗಿದ್ದು 2015ರ ಕೊನೆಗೆ. ಮರುವರ್ಷ, 2016ರಲ್ಲಿ, ಜೀ ಕನ್ನಡದಲ್ಲಿ ನಮ್ಮದೇ 'ನಾಗಿಣಿ' ಬಂತು. ದೀಪಿಕಾ ದಾಸ್ ಅದರಲ್ಲಿ ಅಮೃತಾ ಆಗಿದ್ದರು. 2020ರಲ್ಲಿ 'ನಾಗಿಣಿ 2' ಬಂತು, ನಮ್ರತಾ ಗೌಡ ನಾಯಕಿ. ಇಂಥ ಕಥೆಗಳ ಎಲುಬು ಹೆಚ್ಚುಕಡಿಮೆ ಒಂದೇ. ಹಿಂದೆ ಯಾವಾಗಲೋ ದೊಡ್ಡ ಅನ್ಯಾಯ ಆಗಿದೆ. ಅದನ್ನು ಯಾರೂ ಕೇಳಿಲ್ಲ. ಈಗ ಹೆಣ್ಣೊಬ್ಬಳು ತಾನು ಯಾರು ಅನ್ನುವುದನ್ನು ಮುಚ್ಚಿಟ್ಟುಕೊಂಡು, ಅನ್ಯಾಯ ಮಾಡಿದವರ ಮನೆಯೊಳಗೇ ಕಾಲಿಡುತ್ತಾಳೆ. ಎಷ್ಟೋ ಸಲ ಸೊಸೆಯಾಗಿ.

ಸ್ವಲ್ಪ ನಿಧಾನಕ್ಕೆ ಯೋಚಿಸಿ. ಗೊತ್ತಿಲ್ಲದ ಮನೆಗೆ ಹೋಗಿ, ತನ್ನ ಸಿಟ್ಟು, ಆಸೆ ಎಲ್ಲ ಒಳಗಿಟ್ಟುಕೊಂಡು, ಆ ಮನೆಯವರ ಗುಟ್ಟು ಒಂದೊಂದೇ ತಿಳಿದುಕೊಳ್ಳುತ್ತಾ ಬದುಕುವುದು ಯಾರ ಕಥೆ? ಮದುವೆಯಾಗಿ ಹೋದ ನಮ್ಮೆಲ್ಲರ ಕಥೆ ಅಲ್ವಾ? ಒಂದೇ ವ್ಯತ್ಯಾಸ. ಧಾರಾವಾಹಿಯ ಸೊಸೆಗೆ ವಿಷ ಇದೆ. ಅವಳನ್ನು ಯಾರೂ ಸುಮ್ನೆ ಬೈದು ಹೋಗೋಕೆ ಆಗುವುದಿಲ್ಲ.

ನಾವು ಹೆದರೋಕೆ ಇವನ್ನು ನೋಡುತ್ತೇವೆ ಅಂತ ನನಗೆ ಅನ್ನಿಸುವುದಿಲ್ಲ. ಯಾರೂ ಕಿವಿಗೆ ಹಾಕಿಕೊಳ್ಳದ ಒಂದು ದೂರು ಕೊನೆಗೂ ಎಲ್ಲರ ಮುಂದೆ ಬಂತು ಅನ್ನೋ ಸಮಾಧಾನಕ್ಕೆ ನೋಡುತ್ತೇವೆ. ನಿಮಗೆಲ್ಲ ಏನನ್ನಿಸುತ್ತದೆ?

ಗುಬ್ಬಿ ಪರದೆ, ತುಮಕೂರು

ಒಪ್ಪುತ್ತೇನೆ. ಆದರೆ ನೀವು ಬೆರಗನ್ನು ಬಿಟ್ಟುಬಿಟ್ಟಿರಿ. ಕಣ್ಣೆದುರಿಗೆ ಆಗಬಾರದ್ದು ಆಗುವುದನ್ನು ನೋಡುವ ಖುಷಿ ಸಣ್ಣದಲ್ಲ.

ನಮ್ಮ ಜಿಲ್ಲೆಯವರಿಗೆ ಈ ಹುಚ್ಚು ಹಳೆಯದು. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಮುಂದೆ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಇವತ್ತಿಗೂ ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಪೌರಾಣಿಕ ನಾಟಕ. ಸೀನರಿ ಬಾಡಿಗೆಗೆ ತರುತ್ತಾರೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡುತ್ತಾರೆ. ಕೃಷ್ಣ ವಿಶ್ವರೂಪ ತೋರಿಸುವ ಹೊತ್ತಿಗೆ ಬಣ್ಣದ ಲೈಟು, ಹೊಗೆ ಎಲ್ಲ ಬರುತ್ತದೆ. ಜನ ಶಿಳ್ಳೆ ಹೊಡೆಯುತ್ತಾರೆ. ಅದೇ ಜನ ಕೈಯನ್ನೂ ಮುಗಿಯುತ್ತಾರೆ. ಕೃಷ್ಣನಾದವನು ಪಕ್ಕದ ಬೀದಿಯ ಬೋರ್‌ವೆಲ್ ಮೆಕ್ಯಾನಿಕ್ ಅಂತ ಅಲ್ಲಿ ಕೂತ ಎಲ್ಲರಿಗೂ ಗೊತ್ತು. ನಮ್ಮ ಜನ ಪೆದ್ದರು, ಪರದೆ ಮೇಲೆ ಬಂದಿದ್ದನ್ನೆಲ್ಲ ನಿಜ ಅಂದುಕೊಳ್ಳುತ್ತಾರೆ ಅನ್ನುವವರು ಒಂದು ರಾತ್ರಿ ಆ ಚಾಪೆ ಮೇಲೆ ಬಂದು ಕೂರಬೇಕು.

ನಿಮ್ಮ ದೂರಿನ ಮಾತಿಗೆ ಒಂದು ಸೇರಿಸುತ್ತೇನೆ. 1985ರಲ್ಲಿ ದೂರದರ್ಶನದಲ್ಲಿ 'ವಿಕ್ರಮ್ ಔರ್ ಬೇತಾಳ್' ಬಂತಲ್ಲ, ಟಿವಿಯಲ್ಲಿ ನಾನು ಕಂಡ ಮೊದಲ ದೆವ್ವ ಅದೇ. ಆ ಬೇತಾಳ ಏನು ಮಾಡುತ್ತದೆ? ರಾಜನ ಬೆನ್ನ ಮೇಲೆ ಕೂತು ಕಥೆ ಹೇಳುತ್ತದೆ. ಕೊನೆಗೆ ಕೇಳುತ್ತದೆ: ಇದರಲ್ಲಿ ತಪ್ಪು ಯಾರದ್ದು? ಗೊತ್ತಿದ್ದೂ ಹೇಳದಿದ್ದರೆ ನಿನ್ನ ತಲೆ ಸಿಡಿಯುತ್ತದೆ. ನೋಡಿ, ದೆವ್ವ ರಾಜನಿಂದ ರಕ್ತ ಕೇಳುತ್ತಿಲ್ಲ, ತೀರ್ಪು ಕೇಳುತ್ತಿದೆ. ಗೊತ್ತಿದ್ದೂ ಸುಮ್ಮನಿರುವವನಿಗೆ ಶಿಕ್ಷೆ ಅಂತ ಹೇಳುವ ಕಥೆ ಅದು. ಊರಿನ ಪಂಚಾಯ್ತಿಗಳಲ್ಲಿ ಗೊತ್ತಿದ್ದೂ ಸುಮ್ಮನೆ ಕೂತ ಎಷ್ಟು ಜನರನ್ನು ನೋಡಿದ್ದೇವೆ!

ಹೊಸೂರು ಹಾದಿ, ಚಿಕ್ಕಬಳ್ಳಾಪುರ

ನಾನು ಇಲ್ಲಿ ಬೇರೆ ಮಾತು ಹೇಳಲೇಬೇಕು. ಯಾರಿಗೂ ನೋವು ಮಾಡೋಕಲ್ಲ.

ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡಲು ಸಮಿತಿ ಮಾಡಿದರು. ದೊಡ್ಡ ದೊಡ್ಡವರ ಪವಾಡಗಳನ್ನೇ ಪ್ರಶ್ನೆ ಮಾಡಿದರು. ಬರಿಗಾಲಲ್ಲಿ ಶಾಲೆಗೆ ನಡೆದ ಬಡ ಮನೆಯ ಹುಡುಗ ಅವರು. ಆ ನೆಲದವರಾದ ನಾವು ದಿನಾ ರಾತ್ರಿ ಮಂತ್ರವಾದಿ ನಿಂಬೆಹಣ್ಣು ಕುಯ್ದು ಕಾಯಿಲೆ ವಾಸಿ ಮಾಡುವುದನ್ನು ನೋಡುತ್ತಾ ಕೂತರೆ ನನಗೆ ಸಂಕಟ ಆಗುತ್ತದೆ.

ಹಾವಿನ ವಿಷಯವನ್ನೇ ತೆಗೆದುಕೊಳ್ಳಿ. ಹಾಲು ಹಾವಿನ ಆಹಾರ ಅಲ್ಲ. ಪುಂಗಿಯ ರಾಗಕ್ಕೆ ಅದು ತಲೆದೂಗುವುದಿಲ್ಲ, ಪುಂಗಿ ಅಲ್ಲಾಡಿದ ಕಡೆ ತಿರುಗುತ್ತದೆ ಅಷ್ಟೆ. ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುವ ಶಕ್ತಿ ಅದರ ಮೆದುಳಿಗೆ ಇಲ್ಲ. 2000ದಿಂದ 2019ರವರೆಗಿನ ಸಾವುಗಳನ್ನು ನೋಡಿದ ಅಧ್ಯಯನವೊಂದರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸಾಯುತ್ತಾರೆ. ಬಹುಪಾಲು ಹಳ್ಳಿಯವರು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅಷ್ಟು ಗಂಭೀರ ವಿಷಯ ಇದು.

ನಮ್ಮ ಸಂಬಂಧಿಕರೊಬ್ಬರಿಗೆ ಹುಲ್ಲು ಕೊಯ್ಯುವಾಗ ಕೊಳಕುಮಂಡಲ ಕಚ್ಚಿತು. ಮೊದಲು ಮಂತ್ರ ಹಾಕುವವರ ಹತ್ತಿರ ಕರೆದುಕೊಂಡು ಹೋದರು. ದಾರ ಕಟ್ಟಿಸಿಕೊಂಡು, ಬೇರು ಅರೆದು ಕುಡಿದು, ಆಸ್ಪತ್ರೆ ಸೇರುವ ಹೊತ್ತಿಗೆ ತಡವಾಗಿತ್ತು. ಜೀವ ಉಳಿಯಿತು. ಕಿಡ್ನಿ ಉಳಿಯಲಿಲ್ಲ. ಇದನ್ನು ಕಂಡ ಮೇಲೆ ನನಗೆ ಇದು ಬರೀ ಮನರಂಜನೆ ಅಂತ ಅನ್ನಿಸುವುದಿಲ್ಲ. ಪಿನಾಕಿನಿಯವರೇ, ಧಾರಾವಾಹಿಯ ಸೊಸೆಯ ಬಗ್ಗೆ ನೀವು ಹೇಳಿದ್ದು ಚೆನ್ನಾಗಿದೆ, ನಿಜವೂ ಇರಬಹುದು. ಆದರೆ ಅದರ ಜೊತೆಗೇ ಈ ವಿಷವೂ ಮನೆಯೊಳಗೆ ಬರುತ್ತಿದೆ.

ಚೇಳಮ್ಮನ ಒಕ್ಕಲು, ಕೋಲಾರ

ಹೊಸೂರು ಹಾದಿಯವರೇ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ನಂಬುವವರೆಲ್ಲ ಆಸ್ಪತ್ರೆ ಬಿಟ್ಟು ಕೂರುತ್ತಾರೆ ಅನ್ನುವುದು ಸರಿಯಲ್ಲ.

ನಮ್ಮ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಚೇಳು ಕಚ್ಚದ ಹಾಗೆ ಕಾಯುತ್ತಾಳೆ ಅಂತ ನಂಬಿಕೆ. ನಮ್ಮಜ್ಜಿ ಅಲ್ಲಿ ಕಾಣಿಕೆ ಹಾಕದೆ ಬರುತ್ತಿರಲಿಲ್ಲ. ಅದೇ ಅಜ್ಜಿ, ಮೊಮ್ಮಗನಿಗೆ ಚೇಳು ಕುಟುಕಿದಾಗ ಆಟೋ ಕರೆಸಿ ಮೊದಲು ಆಸ್ಪತ್ರೆಗೇ ಓಡಿಸಿದರು. ಕಾಣಿಕೆ ಆಮೇಲೆ ಹಾಕಿದರು. ಅವರಿಗೆ ಇವೆರಡರ ನಡುವೆ ಜಗಳವೇ ಇರಲಿಲ್ಲ.

ನಮ್ಮ ಸೀಮೆಯಲ್ಲಿ ಕಥೆ ಅಂದರೆ ನೆಲಕ್ಕೇ ಅಂಟಿಕೊಂಡಿರುತ್ತದೆ. ಕೈವಾರದಲ್ಲಿ ಭೀಮ ಬಕಾಸುರನನ್ನು ಕೊಂದ ಅನ್ನುತ್ತಾರೆ. ಆ ಬೆಟ್ಟದಿಂದ ಇವತ್ತಿಗೂ ರಕ್ತ ಒಸರುತ್ತದೆ ಅಂತ ಹೇಳುವವರು ಇದ್ದಾರೆ. ಅದೇ ಊರಿನ ಸಂತ ತಾತಯ್ಯನವರ ಕೀರ್ತನೆಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ನಮ್ಮ ಮನೆಗಳಲ್ಲಿ ಟಿವಿಯೂ ಹಾಗೇ. ಏಳಕ್ಕೆ ತೆಲುಗು ದೆವ್ವ, ಎಂಟಕ್ಕೆ ಕನ್ನಡ ದೆವ್ವ. ಭಾಷೆ ಬದಲಾದರೂ ಅಳುವವಳು ಮಾತ್ರ ಅವಳೇ.

ಮರಳೂರು ದಿಣ್ಣೆ, ತುಮಕೂರು

ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಹಾಸ್ಟೆಲಿನಲ್ಲಿ ಕನ್ನಡ ಧಾರಾವಾಹಿ ನೋಡುವವರು ಕಮ್ಮಿ. ಅಮೆರಿಕದ 'ಸೂಪರ್‌ನ್ಯಾಚುರಲ್' ನೋಡುವವರು ಜಾಸ್ತಿ. ಎರಿಕ್ ಕ್ರಿಪ್ಕೆ ಶುರು ಮಾಡಿದ್ದು. 2005ರಿಂದ 2020ರವರೆಗೆ, 15 ಸೀಸನ್, 327 ಕಂತು. ಸ್ಯಾಮ್, ಡೀನ್ ಅಂತ ಇಬ್ಬರು ಅಣ್ಣತಮ್ಮಂದಿರು ಹಳೇ ಕಾರಿನಲ್ಲಿ ಊರೂರು ಸುತ್ತಿ ದೆವ್ವ ಹಿಡಿಯುವ ಕಥೆ.

ಪಿನಾಕಿನಿ ಅವರ ಮಾತು ಓದಿದ ಮೇಲೆ ಅದರ ಮೊದಲ ಕಂತು ನೆನಪಾಯಿತು. ಅಲ್ಲಿಯ ದೆವ್ವ ಬಿಳಿ ಬಟ್ಟೆಯ ಹೆಂಗಸು. ಗಂಡ ಮೋಸ ಮಾಡಿದ್ದಾನೆ. ಆ ಸಂಕಟದಲ್ಲಿ ತನ್ನ ಮಕ್ಕಳನ್ನು ತಾನೇ ಕೊಂದು, ತಾನೂ ಸತ್ತಿದ್ದಾಳೆ. ಈಗ ರಸ್ತೆಯಲ್ಲಿ ನಿಂತು, ಹೆಂಡತಿಗೆ ಮೋಸ ಮಾಡುವ ಗಂಡಸರನ್ನು ಕೊಲ್ಲುತ್ತಾಳೆ. ಅಮೆರಿಕದಲ್ಲೂ ಮೊದಲ ದೆವ್ವ ಮೋಸಹೋದ ಹೆಂಡತಿಯೇ!

ಇನ್ನೊಂದು ಹೇಳಬೇಕು. ಅವರು ದೆವ್ವ ಬರದ ಹಾಗೆ ಬಾಗಿಲಿಗೆ ಉಪ್ಪಿನ ಗೆರೆ ಎಳೆಯುತ್ತಾರೆ. ಕಬ್ಬಿಣ ಬೀಸಿದರೆ ದೆವ್ವ ಚದುರುತ್ತದೆ. ನಮ್ಮಮ್ಮ ದೃಷ್ಟಿ ತೆಗೆಯುವುದು ಉಪ್ಪಿನಲ್ಲೇ. ಬಾಣಂತಿಯ ಹಾಸಿಗೆ ಹತ್ತಿರ ಕಬ್ಬಿಣದ ತುಂಡು ಇಡುತ್ತಾರೆ. ಇಷ್ಟು ದೂರದ ಎರಡು ದೇಶಗಳು ಒಂದೇ ಥರ ಹೆದರಿವೆ, ಒಂದೇ ಥರ ಧೈರ್ಯ ತಂದುಕೊಂಡಿವೆ. ಅದನ್ನು ಮೊದಲ ಸಲ ಗಮನಿಸಿದಾಗ ನನಗೆ ಮೈ ಜುಮ್ ಅಂತು.

ಆದರೆ ಅಲ್ಲಿ ದೆವ್ವಕ್ಕೆ ಸಾಮಾನ್ಯವಾಗಿ ಒಂದೇ ದಾರಿ. ಹೂತ ಜಾಗ ಅಗೆದು, ಮೂಳೆಗೆ ಉಪ್ಪು ಹಾಕಿ ಸುಡುವುದು. ಅಲ್ಲಿಗೆ ಮುಗಿಯಿತು. ಅದು ನನಗೆ ಯಾವಾಗಲೂ ಅರೆಬರೆ ಅನ್ನಿಸುತ್ತದೆ. ಯಾಕೆ ಅಂತ ಹೇಳೋಕೆ ಬರುತ್ತಿಲ್ಲ.

ಶಿಡ್ಲಘಟ್ಟದ ಅಮ್ಮ

ದೊಡ್ಡ ಚರ್ಚೆ ನಡೆಯಲಿ. ನನ್ನದು ಸಣ್ಣ ಮಾತು. ನನ್ನ ಆರು ವರ್ಷದ ಮಗಳು ಈ ಧಾರಾವಾಹಿ ನೋಡಿ ರಾತ್ರಿ ಒಬ್ಬಳೇ ಬಚ್ಚಲಿಗೆ ಹೋಗುವುದಿಲ್ಲ. ಮಕ್ಕಳು ಎದ್ದಿರುವ ಹೊತ್ತಿಗೇ ಹಾಕುತ್ತಾರೆ. ಅದರ ಬಗ್ಗೆಯೂ ಯಾರಾದರೂ ಮಾತಾಡಿ.

ಪಿನಾಕಿನಿ ತೀರ, ಗೌರಿಬಿದನೂರು

ಶಿಡ್ಲಘಟ್ಟದವರೇ, ನಿಮ್ಮ ಮಾತು ಸಣ್ಣದಲ್ಲ. ನಾವು ಮಗು ಮಲಗಿದ ಮೇಲೆ ಮೊಬೈಲಿನಲ್ಲಿ ನೋಡುತ್ತೇವೆ. ಟಿವಿ ಒಂದೇ ಇರುವ ಮನೆಗೆ, ಕೂಡು ಕುಟುಂಬಕ್ಕೆ ಅದು ಕಷ್ಟ ಅಂತ ಗೊತ್ತು.

ಮರಳೂರು ದಿಣ್ಣೆಯವರು ಅರೆಬರೆ ಅಂದರಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆ ಅರೆಬರೆ ಅಂತ ನನಗೆ ತೋಚಿದ್ದನ್ನು ಹೇಳುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಅನ್ಯಾಯವಾಗಿ ಸತ್ತವರನ್ನು ಏನು ಮಾಡುತ್ತಿದ್ದರು? ಸುಟ್ಟು ಓಡಿಸುತ್ತಿರಲಿಲ್ಲ. ಜಾಗ ಕೊಡುತ್ತಿದ್ದರು. ಕೋಲಾರ, ಚಿಕ್ಕಬಳ್ಳಾಪುರದ ಯಾವ ಕಡೆ ಹೋದರೂ ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲು, ಮಾಸ್ತಿಕಲ್ಲು ಸಿಗುತ್ತವೆ. ದನ ಕಾಯಲು ಹೋಗಿ ಸತ್ತವನು, ಊರಿಗಾಗಿ ಸತ್ತವನು, ಗಂಡನ ಚಿತೆಗೆ ಬಿದ್ದವಳು. ಕೆರೆ ನಿಲ್ಲಲಿ ಅಂತ ಸೊಸೆಯನ್ನು ಬಲಿ ಕೊಟ್ಟ ಕಥೆಗಳೂ ನಮ್ಮಲ್ಲಿ ಇವೆ. ಕೊಂದ ಊರೇ ಆಮೇಲೆ ಅವಳಿಗೆ ಸೀರೆ, ಅರಿಶಿನ ಕೊಟ್ಟು ತಾಯಿ ಅನ್ನುತ್ತದೆ. ಅದು ಸಾಲದು, ನಾನೂ ಒಪ್ಪುತ್ತೇನೆ. ಅದರಲ್ಲಿ ಊರು ತನ್ನ ತಪ್ಪನ್ನು ಅರಿಶಿನದಲ್ಲಿ ಮುಚ್ಚಿದ್ದೂ ಇದೆ. ಆದರೆ ಇಂಥವಳು ಇದ್ದಳು, ನಾವು ಹೀಗೆ ಮಾಡಿದೆವು ಅನ್ನುವುದಾದರೂ ಕಲ್ಲಿನ ಮೇಲೆ ಉಳಿಯಿತು.

ಮಹಾಲಯ ಅಮಾವಾಸ್ಯೆಗೆ ನಾವು ಎಡೆ ಇಡುತ್ತೇವೆ. ಸತ್ತವರಿಗೆ ಹೊಸ ಬಟ್ಟೆ, ಅವರಿಗೆ ಇಷ್ಟವಾದ ಅಡುಗೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ ಕೂಡ ಇಡುತ್ತೇವೆ. ನಮ್ಮತ್ತೆ ಎಡೆ ಮುಂದೆ ಕೂತು, ಬದುಕಿದ್ದಾಗ ಜಗಳವಾಡಿದ ತಮ್ಮ ಅತ್ತೆಯ ಜೊತೆ ಮಾತಾಡುತ್ತಾರೆ. ಬೇಜಾರು ಹೇಳಿಕೊಳ್ಳುತ್ತಾರೆ. ಒಂದು ಕಾಲದಲ್ಲಿ ಊರೂರಿನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದೆವಲ್ಲ, ಅದೂ ದೆವ್ವದ ಜೊತೆ ಮಾತೇ. ತೊಲಗು ಅಂತ ಯಾರೂ ಬರೆಯಲಿಲ್ಲ.

ನಮ್ಮ ತಾಲೂಕಿನ ವಿದುರಾಶ್ವತ್ಥಕ್ಕೆ ಹೋದವರು ನೋಡಿರುತ್ತೀರಿ. ಸಾವಿರಾರು ನಾಗರಕಲ್ಲು. ಮಕ್ಕಳಾಗಲಿ, ದೋಷ ಹೋಗಲಿ ಅಂತ ಹರಕೆ ಹೊತ್ತು ನಿಲ್ಲಿಸಿದವು. ಮನೆಯಲ್ಲಿ ಯಾರ ಹತ್ತಿರವೂ ಹೇಳೋಕಾಗದ ಮಾತನ್ನು ಹೆಂಗಸರು ಅಲ್ಲಿ ಹಾವಿಗೆ ಹೇಳಿದ್ದಾರೆ. ಅದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಚಳವಳಿಯ ಬಾವುಟ ಹಾರಿಸಲು ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಸತ್ತವರಿಗೆ ಸ್ಮಾರಕ ಇದೆ. ಅದನ್ನು ನೋಡಿದಾಗಲೂ ನನಗೆ ಇದೇ ಅನ್ನಿಸಿದ್ದು. ಅನ್ಯಾಯವಾಗಿ ಸತ್ತವರಿಗೆ ಹೆಸರು ಬೇಕು, ಜಾಗ ಬೇಕು, ವರ್ಷಕ್ಕೊಮ್ಮೆ ನೆನೆಯುವವರು ಬೇಕು.

ಧಾರಾವಾಹಿಗಳ ಮೇಲೆ ನನ್ನ ದೂರು ಇದೇ. ದೆವ್ವ ಇದೆಯೋ ಇಲ್ಲವೋ ಅನ್ನುವುದು ನನ್ನ ಜಗಳ ಅಲ್ಲ. ಸೇಡನ್ನು ತೋರಿಸುತ್ತಾರೆ, ಅದನ್ನು ತೀರಿಸುವುದೇ ಇಲ್ಲ. ಒಬ್ಬ ವಿಲನ್ ಸತ್ತರೆ ಇನ್ನೊಬ್ಬ ಬರುತ್ತಾನೆ. ಮಾಡಿದವರು ಒಂದು ಸಲವಾದರೂ ಎಲ್ಲರ ಮುಂದೆ ನಿಂತು, ಹೌದು, ನಾವು ಮಾಡಿದೆವು ಅನ್ನುವುದಿಲ್ಲ. ಸತ್ತವಳಿಗೆ ಒಂದು ಎಡೆ ಇಲ್ಲ, ಒಂದು ಕಲ್ಲಿಲ್ಲ. ನಮ್ಮ ಹೆಂಗಸರು ವರ್ಷಗಟ್ಟಲೆ ಕಾದು ಕೂತಿರುವುದು ಆ ಒಂದು ದೃಶ್ಯಕ್ಕೆ ಅಂತ ನನ್ನ ಬಲವಾದ ನಂಬಿಕೆ.

ತಿಪಟೂರು ತೆಂಗು

ಕೆಲವು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದಿದ್ದೇನೆ. ಅದಕ್ಕೇ ಉತ್ತರ ಕೊಡಬೇಕು ಅನ್ನಿಸಿತು.

ಆ ದೃಶ್ಯ ಯಾಕೆ ಬರುವುದಿಲ್ಲ ಅಂದರೆ, ಬಂದ ದಿನ ಕಥೆ ಮುಗಿಯುತ್ತದೆ. ವಾರಕ್ಕೆ ಐದಾರು ಕಂತು, ಒಂದೊಂದೂ ಇಪ್ಪತ್ತು ನಿಮಿಷದ ಮೇಲೆ. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅಂತ ಹೇಳುವ ಬಾರ್ಕ್ ರೇಟಿಂಗ್ ಪ್ರತಿ ಗುರುವಾರ ಬರುತ್ತದೆ. ನಂಬರ್ ಚೆನ್ನಾಗಿದ್ದರೆ ಯಾರೂ ಮುಗಿಸೋಕೆ ಬಿಡುವುದಿಲ್ಲ. ಬಿದ್ದರೆ ಸರಿಯಾಗಿ ಮುಗಿಸೋಕೆ ಟೈಮ್ ಕೊಡುವುದಿಲ್ಲ. ಎರಡೂ ಕಡೆ ಪೆಟ್ಟು ತಿನ್ನುವುದು ಕ್ಲೈಮ್ಯಾಕ್ಸ್.

ಆದರೂ ಒಂದು ವಿಷಯ ಹೇಳುತ್ತೇನೆ. ಮನೆಯೊಳಗಿನ ಹಿಂಸೆಯನ್ನು ನೇರವಾಗಿ ಬರೆದರೆ 'ಫ್ಯಾಮಿಲಿ ಆಡಿಯನ್ಸ್‌ಗೆ ಜಾಸ್ತಿ ಆಯ್ತು' ಅಂತ ವಾಪಸ್ ಬರುತ್ತದೆ. ಅದೇ ಹಿಂಸೆಯನ್ನು ಆತ್ಮದ ಬಾಯಲ್ಲಿ ಹೇಳಿಸಿದರೆ ದಾಟಿ ಹೋಗುತ್ತದೆ. ಬದುಕಿದ ಸೊಸೆ ಮಾವನಿಗೆ ಹೇಳಬಾರದ ಮಾತನ್ನು ಸತ್ತ ಸೊಸೆ ಹೇಳಬಹುದು. ಅಂಥ ಡೈಲಾಗ್ ಬರೆದ ದಿನ ನಾನು ಖುಷಿಯಿಂದ ಮನೆಗೆ ಹೋಗಿದ್ದೇನೆ. ಈ ಬಗೆಯ ಕಥೆಗೆ ಆ ಒಂದು ಶಕ್ತಿ ಇರುವುದರಿಂದಲೇ ನನಗೆ ಅದರ ಮೇಲೆ ಗೌರವ.

ಹೊಸೂರು ಹಾದಿ, ಚಿಕ್ಕಬಳ್ಳಾಪುರ

ಎಡೆಯ ಮಾತು ನನಗೂ ತಟ್ಟಿತು. ನಮ್ಮ ಮನೆಯಲ್ಲೂ ಇಡುತ್ತೇವೆ, ನಾನೂ ಕೂರುತ್ತೇನೆ. ಅದು ನೆನಪು. ಯಾರ ಜೀವಕ್ಕೂ ಅಪಾಯ ಇಲ್ಲ.

ಆದರೆ ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ತಿಪಟೂರಿನವರೇ, ನಿಮ್ಮಂಥವರಿಗೆ ಒಂದು ಕೇಳಿಕೆ. ಆತ್ಮ ಮಾತಾಡಲಿ, ನಾಗಿಣಿ ರೂಪ ಬದಲಿಸಲಿ, ತೊಂದರೆ ಇಲ್ಲ. ಅವು ಕಥೆ ಅಂತ ಎಲ್ಲರಿಗೂ ಗೊತ್ತು. ಆದರೆ ಹಾವು ಕಚ್ಚಿದವರಿಗೆ ಮಂತ್ರ ಹಾಕಿ ಬದುಕಿಸುವ ದೃಶ್ಯ ಮಾತ್ರ ಬರೆಯಬೇಡಿ. 2020ರ ಜನವರಿಯಿಂದ ಜಾರಿಯಲ್ಲಿರುವ ನಮ್ಮ ರಾಜ್ಯದ ಕಾನೂನಿನಲ್ಲೇ, ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ, ತಾಯಿತ ಮಾಡುವುದು ಅಪರಾಧ. ಕಚ್ಚಿದ ಜಾಗ ಅಲ್ಲಾಡಿಸದೆ, ಕುಯ್ಯದೆ, ಬಿಗಿಯಾಗಿ ಕಟ್ಟದೆ, ಬೇಗ ಆಸ್ಪತ್ರೆಗೆ ಹೋಗಬೇಕು. ವಿಷ ಏರಿದ್ದರೆ ಔಷಧ ಒಂದೇ, ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್. ನಾಗಿಣಿಯ ನಾಯಕಿಯೇ ಒಂದು ಕಂತಿನಲ್ಲಿ ಯಾರನ್ನಾದರೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದರೆ, ನಾವು ಹತ್ತು ವರ್ಷ ಊರೂರು ಸುತ್ತಿ ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ತಿಪಟೂರು ತೆಂಗು

ಇದು ಆಗುವ ಮಾತು. ಈಗಲೂ ಬರೆಯುತ್ತಿರುವ ಗೆಳೆಯರಿಗೆ ಖಂಡಿತ ಹೇಳುತ್ತೇನೆ.

ಆವಣಿ ಬೆಟ್ಟ, ಮುಳಬಾಗಿಲು

ತಡವಾಗಿ ಬಂದೆ. ಎಲ್ಲರೂ ಸೇಡು, ತೀರ್ಪು ಅಂತಿದ್ದೀರಿ. ನಾನು ಇನ್ನೊಬ್ಬಳನ್ನು ನೆನಪಿಸುತ್ತೇನೆ.

ಆವಣಿಯಲ್ಲಿ ವಾಲ್ಮೀಕಿ ಆಶ್ರಮ ಇತ್ತು, ಲವಕುಶರು ಇಲ್ಲೇ ಹುಟ್ಟಿದರು ಅಂತ ನಮ್ಮ ನಂಬಿಕೆ. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ಗುಡಿಗಳು, ನೊಳಂಬ ರಾಜರ ಕಾಲದವು. ಸೀತೆಯ ಗುಡಿ ಮಾತ್ರ ಬೆಟ್ಟದ ಮೇಲೆ. ನಮ್ಮ ಪುರಾಣದಲ್ಲಿ ಅನ್ಯಾಯವಾದ ಹೆಂಡತಿ ಅಂದರೆ ಅವಳೇ ಅಲ್ವಾ? ಅವಳು ದೆವ್ವವಾಗಿ ಬರಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ಭೂಮಿ ಬಾಯಿ ಬಿಡಲಿ ಅಂದಳು, ಹೊರಟುಹೋದಳು. ಗಂಡ ಕರೆದಾಗಲೂ ವಾಪಸ್ ಬರಲಿಲ್ಲ. ಈ ಥರ ಹೊರಟುಹೋಗುವ ಹೆಣ್ಣನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಸತ್ತ ಮೇಲೂ ಅವಳು ಅದೇ ಮನೆಯಲ್ಲೇ ಸುತ್ತಬೇಕು. ಅಲೌಕಿಕ ಅನ್ನುವುದು ಆ ಮನೆಯಿಂದ ಬಿಡುಗಡೆಯೂ ಆಗಬಹುದು.

ಪಿನಾಕಿನಿ ತೀರ, ಗೌರಿಬಿದನೂರು

ಆವಣಿಯವರೇ, ಅರ್ಧ ಒಪ್ಪುತ್ತೇನೆ. ಅವಳು ಸುಮ್ನೆ ಹೋಗಲಿಲ್ಲ. ರಾಜಸಭೆ ಎದುರಿಗೆ, ಅಷ್ಟೂ ಜನ ನೋಡುವಾಗ ಹೋದಳು. ಅದಕ್ಕೂ ಮುಂಚೆ ಅವಳ ಮಕ್ಕಳು ಆ ಅರಮನೆಯ ಕುದುರೆಯನ್ನು ಕಟ್ಟಿಹಾಕಿ ಸೈನ್ಯವನ್ನೇ ಸೋಲಿಸಿದ ಕಥೆಯನ್ನು ನಮ್ಮ ಊರಿನ ನಾಟಕಗಳಲ್ಲಿ ನೋಡಿಯೇ ಬೆಳೆದಿದ್ದೇವೆ. ನನಗೆ ಅದೂ ದೂರೇ, ಅದೂ ತೀರ್ಪೇ. ಗುಬ್ಬಿ ಪರದೆಯವರೇ, ನಿಮ್ಮ ಕಡೆ ಈ ಬೇಸಿಗೆಯಲ್ಲಿ ಯಾರಾದರೂ ಲವಕುಶ ಆಡುತ್ತಿದ್ದರೆ ಹೇಳಿ. ನಾವು ನಾಲ್ಕೈದು ಜನ ಹೆಂಗಸರು ಬರುತ್ತೇವೆ.